ಹೊನ್ನಿ ತಂದ ಕಳ್ಳಿಹಣ್ಣು

ಬನ್ನಿ ಮಕ್ಕಳೇ, ಒತ್ತಿ ಕೂತ್ಕೊಳ್ಳಿ. ಕಲ್ಲುಗುಡ್ಡದ ಆಚೆ ಒಂದು ರಾಜ್ಯ. ಅಲ್ಲಿನ ರಾಜನಿಗೆ ಒಬ್ಬನೇ ಮಗ, ರಣಧವಳ. ಮೀಸೆ ಆಗತಾನೇ ಚಿಗುರುತ್ತಿದ್ದ ವಯಸ್ಸು. ಮೀಸೆಗೆ ದಿನಾ ಎಣ್ಣೆ ತೀಡುತ್ತಿದ್ದ. ಹಲ್ಲನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಅವನ ಶಾಲೆಯಲ್ಲೇ ಕುಂಬಾರರ ಹುಡುಗಿ ಹೊನ್ನಿಯೂ ಓದುತ್ತಿದ್ದಳು. ಪಂತೋಜಿ ಶಾಂತಯ್ಯನವರದು ಒಂದೇ ಕಟ್ಟಪ್ಪಣೆ: "ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜದವರು ಪಾಠಕ್ಕೆ ಬರಬೇಡಿ!" ದಿನಾ ಬೆಳಗ್ಗೆ ಒಬ್ಬೊಬ್ಬರ ಬಾಯಿ ಮೂಸಿ ಒಳಗೆ ಬಿಡುವರು. ಯುವರಾಜ ಏನು ದಡ್ಡನೇ? ಹಿಡಿ ಏಲಕ್ಕಿ ಅಗಿದು "ಆ..." ಅನ್ನುವನು. "ಭೇಷ್!" ಅನ್ನುವರು ಪಂತೋಜಿ.

ಆದರೆ ಏಲಕ್ಕಿ ಘಮ ಎಷ್ಟು ಹೊತ್ತು? ಬಿಸಿಲೇರಿದಂತೆ ಶಾಲೆಯೆಲ್ಲ ಗಬ್ಬು.

"ಯಾರದಪ್ಪಾ ಈ ನಾತ?" ಅಂದರು ಪಂತೋಜಿ.

"ಹೊನ್ನಿಯದು!" ಅಂದ ಯುವರಾಜ. ಹೊನ್ನಿಯನ್ನು ಹಿಂದಿನ ಸಾಲಿಗೆ ಕಳಿಸಿದರು.

ಮರುದಿನವೂ ನಾತ. "ಹೊನ್ನಿಯದೇ!" ಅವಳನ್ನು ಬಾಗಿಲಿಗೆ ಕಳಿಸಿದರು.

ಅದರ ಮರುದಿನವೂ ನಾತ. ಅವಳನ್ನು ಅಂಗಳಕ್ಕೇ ಅಟ್ಟಿದರು. ಗೆಳತಿಯರೂ ಮೂಗು ಮುಚ್ಚತೊಡಗಿದರು. ದಿನಾ ಉಜ್ಜಿ ಉಜ್ಜಿ ಮುತ್ತಿನಂತಿದ್ದ ಹಲ್ಲು. ಆದರೂ ಹುಡುಗಿಗೆ ಬಾಯಿ ತೆರೆಯಲು ನಾಚಿಕೆ.

ಸಂಜೆ ಅಳುತ್ತಲೇ ಬೇಲಿಯ ಪಾಪಾಸುಕಳ್ಳಿ ಹಣ್ಣು ಕಿತ್ತು ತಿಂದಳು. ಸೋಮಾರಿ ತಮ್ಮನೂ ತಿಂದ. ಹಣ್ಣಿನ ರಸಕ್ಕೆ ಇಬ್ಬರ ಹಲ್ಲೂ ಕೆಂಪಾಯಿತು. ಇಬ್ಬರೂ ಬಾಯಿ ಮುಕ್ಕಳಿಸಿದರು. ಹೊನ್ನಿಯ ಹಲ್ಲಿನ ಕೆಂಪು ತೊಳೆದುಹೋಯಿತು. ಹಲ್ಲುಜ್ಜದ ತಮ್ಮನದು ಹೋಗಲೇ ಇಲ್ಲ! ಹೊನ್ನಿ ಅಳು ನಿಲ್ಲಿಸಿದಳು.

ಮಾರನೆಯ ದಿನ ಮುಳ್ಳು ತೆಗೆದ ಹಣ್ಣು ಬುಟ್ಟಿ ತುಂಬ ತಂದು ಎಲ್ಲರಿಗೂ ಹಂಚಿದಳು. ಯುವರಾಜ ಬಾಚಿ ಬಾಚಿ ತಿಂದ.

"ಪಂತೋಜಿಗಳೇ," ಅಂದಳು ಹೊನ್ನಿ, "ಈಗ ಎಲ್ಲರೂ ಬಾಯಿ ಮುಕ್ಕಳಿಸಿ ನಗಲಿ. ಹಲ್ಲಿನ ಮೇಲೆ ಕೊಳೆ ಇದ್ದರೆ ಬಣ್ಣ ಅಲ್ಲೇ ಕೂತಿರುತ್ತೆ."

ಎಲ್ಲರೂ ಮುಕ್ಕಳಿಸಿದರು. ನಕ್ಕವರ ಹಲ್ಲೆಲ್ಲ ಬೆಳ್ಳಗಿತ್ತು. ಯುವರಾಜ ಮಾತ್ರ ತುಟಿ ಬಿಗಿದ.

"ನಗಿ ಯುವರಾಜರೇ," ಅಂದರು ಪಂತೋಜಿ. "ಉಹ್ಞೂಂ." "ಸ್ವಲ್ಪ?" "ಉಹ್ಞೂಂ." "ಒಂಚೂರು?" "ಉಹ್ಞೂಂ!"

ಹೊನ್ನಿ ತಟ್ಟನೆ ಕೂಗಿದಳು: "ಯುವರಾಜರೇ, ಹೆಗಲ ಮೇಲೆ ಹಲ್ಲಿ!"

"ಅಯ್ಯಯ್ಯೋ! ಎಲ್ಲಿ? ಎಲ್ಲಿ?"

ಹಲ್ಲಿ ಎಲ್ಲೂ ಇರಲಿಲ್ಲ. ಹಲ್ಲು ಮಾತ್ರ ಎಲ್ಲರಿಗೂ ಕಂಡಿತು, ರಾಕ್ಷಸನ ವೇಷದ ಹಾಗೆ ಕೆಂಪಗೆ! ಶಾಲೆಯೇ ಹೊಟ್ಟೆ ಹಿಡಿದು ನಕ್ಕಿತು.

ಪಂತೋಜಿ ನಗಲಿಲ್ಲ. "ತಪ್ಪಾಯ್ತು ತಾಯಿ, ವಿಚಾರಿಸದೆ ನಿನ್ನನ್ನು ಹೊರಗೆ ಕೂರಿಸಿದೆ," ಎಂದು ಹೊನ್ನಿಯ ಕೈ ಹಿಡಿದರು. ಯುವರಾಜ ತಲೆ ತಗ್ಗಿಸಿ, "ನಾತ ನನ್ನದೇ," ಅಂದ. ಹೊನ್ನಿ ಬೇವಿನ ಕಡ್ಡಿ ಮುರಿದು ಅವನ ಕೈಗಿಟ್ಟಳು. "ಮೆಲ್ಲಗೆ ಉಜ್ಜಿ. ಒಳಗೂ ಉಜ್ಜಿ, ಹೊರಗೂ ಉಜ್ಜಿ. ರಾತ್ರಿ ಉಂಡ ಮೇಲೂ ಮರೀಬೇಡಿ."

ಇಷ್ಟೇ ಕಥೆ ಮಕ್ಕಳೇ, ನೀತಿ ಕೇಳಿ: ಎರಡು ಹೊತ್ತೂ ಹಲ್ಲುಜ್ಜಿ. ನಿಮ್ಮ ಬಾಯಿಯ ಕೊಳೆಯನ್ನು ಇನ್ನೊಬ್ಬರ ತಲೆಗೆ ಕಟ್ಟಬೇಡಿ.