ತೊಗಟೆಯಿಲ್ಲದ ಬಿಲ್ಲು

ಕಾಟಪ್ಪ ನಾಯಕನ ದಳವಾಯಿ ಮುದ್ದಯ್ಯನಿಗೆ ಹೊಳೆಯದ ವಸ್ತು ಕಂಡರೆ ಆಗುತ್ತಿರಲಿಲ್ಲ. ಒಂದು ದಿನ ಆಯುಧಶಾಲೆಗೆ ಹೋದವನು ಅಲ್ಲಿ ಸಾಲಾಗಿ ನಿಲ್ಲಿಸಿದ್ದ ಬಿಲ್ಲುಗಳನ್ನು ನೋಡಿ ಮುಖ ಸಿಂಡರಿಸಿದ. ಎಲ್ಲದರ ಹೊರಮೈಗೂ ಮರದ ತೊಗಟೆ ಅಂಟಿಸಿತ್ತು. ವೈರಿಯ ಕಣ್ಣಿಗೆ ಬೀಳುವುದೇ ಆ ಕಡೆ, ನಮ್ಮನ್ನು ಸೌದೆ ಮಾರಲು ಬಂದವರೆಂದು ತಿಳಿದಾರು ಎಂದು ಅವನ ಚಿಂತೆ. ಅರವತ್ತು ಬಿಲ್ಲುಗಳ ತೊಗಟೆ ಕೆರೆಸಿ, ಎಣ್ಣೆ ತಿಕ್ಕಿಸಿ, ನಾಯಕನನ್ನು ಕರೆತಂದು ತೋರಿಸಿದ. ನಾಯಕನಿಗೂ ಹಿಡಿಸಿತು. ಹೊಳಪು ಯಾರಿಗೆ ತಾನೆ ಹಿಡಿಸುವುದಿಲ್ಲ.

ಮಾರನೆಯ ದಿನ ಅಭ್ಯಾಸದಲ್ಲಿ ಒಂದು ಬಿಲ್ಲು ಲಟಕ್ಕನೆ ಮುರಿದು ಒಬ್ಬ ಬಂಟನ ಕೆನ್ನೆ ಸೀಳಿತು. ಮಧ್ಯಾಹ್ನದೊಳಗೆ ಇನ್ನೂ ಮೂರು ಮುರಿದವು. ತಪ್ಪು ತನ್ನದೆಂದು ಒಪ್ಪಿಕೊಂಡರೆ ಅವನು ದಳವಾಯಿ ಹೇಗಾದಾನು? ಬಿಲ್ಲು ಮಾಡುವ ಸಣ್ಣೀರಪ್ಪ ಕೊಳೆತ ಮರ ಹಾಕಿದ್ದಾನೆಂದು ದೂರು ಕೊಟ್ಟ.

ಸಣ್ಣೀರಪ್ಪನನ್ನು ಓಲಗಕ್ಕೆ ಎಳೆತಂದರು. ಅವನು ಕೈಮುಗಿದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಎಳೆದಾಗ ಬಿಲ್ಲಿನ ಹೊರಮೈ ಹಿಗ್ಗುತ್ತದೆ, ಸಿಬಿರು ಏಳುವುದು ಅಲ್ಲೇ. ತೊಗಟೆ ಅದನ್ನು ಏಳಗೊಡದೆ ಅದುಮಿ ಹಿಡಿಯುತ್ತದೆ. ಅಂದಕ್ಕಲ್ಲ, ಕಾವಲಿಗೆ ಹಾಕಿದ್ದು.

“ಕೆಲಸ ಬಾರದವನ ನೆಪ ಇದು,” ಎಂದ ದಳವಾಯಿ. “ತೊಗಟೆ ಇಲ್ಲದೆಯೂ ಮುರಿಯದ ಬಿಲ್ಲೊಂದನ್ನು ಎಂಟು ದಿನದಲ್ಲಿ ತರಲಿ. ಆಗದಿದ್ದರೆ ಹೆಂಡತಿ ಮಕ್ಕಳ ಸಮೇತ ಸೀಮೆ ಬಿಟ್ಟು ಹೋಗಲಿ.”

ನಾಯಕ ಹೂಂ ಅಂದುಬಿಟ್ಟ. ದೊಡ್ಡವರಿಗೆ ಹೂಂ ಅನ್ನುವುದಕ್ಕೆ ಏನು ಕಷ್ಟ. ಸಣ್ಣೀರಪ್ಪನ ಮನೆಯಲ್ಲಿ ಅಂದೇ ಪಾತ್ರೆ ಪಡಗ ಗಂಟು ಕಟ್ಟಲು ಶುರುವಾಯಿತು. ಹುಟ್ಟಿದ ಸೀಮೆ ಬಿಟ್ಟು ಎಲ್ಲಿಗೆ ಹೋಗುವುದೆಂದು ಮಾತ್ರ ಯಾರಿಗೂ ತಿಳಿಯದು.

ಕೊನೆಗೆ ಅವನು ಹಡಪದ ಗೂಳಪ್ಪನ ಬಳಿ ಹೋದ. ಎಲೆಯಡಿಕೆ ಚೀಲ ಹಿಡಿದು ದಿನವೆಲ್ಲ ನಾಯಕನ ಪಕ್ಕ ನಿಲ್ಲುವುದು ಗೂಳಪ್ಪನ ಉದ್ಯೋಗ. ಮಾತಾಡುವ ಕೆಲಸವಿಲ್ಲದ್ದರಿಂದ ಯಾರ ಎದೆಯಲ್ಲಿ ಎಷ್ಟು ಧೈರ್ಯವಿದೆ ಎಂದು ನೋಡಿಟ್ಟುಕೊಂಡಿದ್ದ. ತೊಗಟೆ ಇಲ್ಲದ ಬಿಲ್ಲು ಮಾಡಬಲ್ಲೆಯಾ ಎಂದಷ್ಟೇ ಕೇಳಿದ.

“ನೋಡೋಕೇನೋ ಚೆನ್ನಾಗಿರ್ತದೆ ಸ್ವಾಮಿ. ಎಳೆದ್ರೆ ಹೋಗ್ತದೆ.”

“ಎಳೆಯೋ ವಿಚಾರ ನಿನಗೆ ಬೇಡ. ಮಾಡ್ಕೊಂಡು ಬಾ.”

ಎಂಟನೆಯ ದಿನ ಓಲಗ ಕಿಕ್ಕಿರಿದಿತ್ತು. ಕೆನ್ನೆಗೆ ಬಟ್ಟೆ ಕಟ್ಟಿಕೊಂಡ ಬಂಟನೂ ಬಾಗಿಲ ಬಳಿ ನಿಂತಿದ್ದ. ಸಣ್ಣೀರಪ್ಪ ತಂದ ಬಿಲ್ಲು ಥಳಥಳ ಹೊಳೆಯುತ್ತಿತ್ತು. ಗೂಳಪ್ಪ ಅದನ್ನು ಇಸಿದುಕೊಂಡು ದಳವಾಯಿಯ ಕೈಗಿಟ್ಟು, ಹೊಸ ಬಿಲ್ಲನ್ನು ಮಾಡಿಸಿದವರೇ ಮೊದಲು ಕಿವಿಯ ತನಕ ಎಳೆಯುವುದು ಪದ್ಧತಿ ಎಂದ.

ದಳವಾಯಿ ಬಿಲ್ಲನ್ನು ಹೊಗಳಿದ. ಬಾಗಿಲ ಕಡೆ ನೋಡಿದ. ಆಮೇಲೆ, ತನಗೆ ನಾಲ್ಕು ದಿನದಿಂದ ಭುಜದ ನೋವು, ಮಾಡಿದವನೇ ಎಳೆಯಲಿ ಎಂದ.

ಅದಾಗದು ಎಂದ ಗೂಳಪ್ಪ. ಅವನ ಕೈಯಲ್ಲಿ ಮುರಿದರೆ ಬೇಕೆಂದೇ ಮುರಿದ ಅನ್ನುತ್ತೀರಿ, ತೊಗಟೆ ಬೇಡ ಅಂದವರ ಕೈಯಲ್ಲೇ ಆಗಬೇಕು. ದಳವಾಯಿಗೆ ಆಗ ಪಂಚಾಂಗ ನೆನಪಾಯಿತು. ಇವತ್ತಿನ ನಕ್ಷತ್ರ ಒಳ್ಳೆಯದಲ್ಲವಂತೆ.

ನಾಯಕನಿಗೆ ಬೇಸರ ಬಂತು. “ಇತ್ತ ಕೊಡು, ನಾನೇ ಎಳೆಯುತ್ತೇನೆ,” ಎಂದು ಕೈಚಾಚಿದ.

ದಳವಾಯಿ ಬಿಲ್ಲನ್ನು ಎರಡೂ ಕೈಯಲ್ಲಿ ಅವುಚಿಕೊಂಡ. “ಬೇಡ ಬುದ್ಧಿ. ಕಣ್ಣಿಗೆ ಬಡಿದೀತು.”

ತಾನು ಏನು ಅಂದೆನೆಂದು ಎಲ್ಲರಿಗಿಂತ ಕೊನೆಗೆ ತಿಳಿದದ್ದು ದಳವಾಯಿಗೆ. ನಾಯಕನ ಹುಬ್ಬು ಗಂಟಾಯಿತು. ಹಾಗಾದರೆ ಸಣ್ಣೀರಪ್ಪನ ಗತಿ ಏನೆಂದು ಯಾರೋ ಹಿಂದಿನಿಂದ ಕೇಳಿದರು.

ಗೂಳಪ್ಪ ಎಲೆಗೆ ಸುಣ್ಣ ಹಚ್ಚುತ್ತಲೇ ಹೇಳಿದ:

“ಅವನು ಅಪ್ಪಣೆಯಂತೆ ನಡೆದಿದ್ದಾನೆ ಬುದ್ಧಿ. ಬಿಲ್ಲಿಗೆ ತೊಗಟೆ ಇಲ್ಲ, ಮುರಿದೂ ಇಲ್ಲ. ದಳವಾಯಿಗಳ ಕೈಯಲ್ಲೇ ಇದ್ದರೆ ಇನ್ನು ನೂರು ವರ್ಷ ಮುರಿಯುವುದಿಲ್ಲ.”

ನಾಯಕ ಬಾಯಿಗೆ ಎಲೆ ಹಾಕಿಕೊಳ್ಳಲಾಗದಷ್ಟು ನಕ್ಕ. ಸಣ್ಣೀರಪ್ಪನಿಗೆ ಶಾಲು ಹೊದಿಸಿದ. ಉಳಿದ ಐವತ್ತಾರು ಬಿಲ್ಲುಗಳಿಗೆ ಬೇಕಾದ ತೊಗಟೆ ಸುಲಿದು ತರಲು ದಳವಾಯಿಯನ್ನೇ ಕಾಡಿಗೆ ಕಳಿಸಿದ.