ದೀಪದಲ್ಲಿ ಬಂದ ಗಂಗವ್ವ

"ಲಾರಿ ಕಂಪನಿ ಮ್ಯಾನೇಜರ್ ಕೈಲಿ ಅಂಗೈ ಒಡ್ಡಿಸಿ, ಅವನದೇ ದೀಪದ ನೀರನ್ನ ತೀರ್ಥ ಅಂತ ಕುಡಿಸಿದ ಗಂಡು ಇಡೀ ಜಿಲ್ಲೆಗೆ ನಾನೊಬ್ಬನೇ," ಎಂದ ಪಾಲಯ್ಯ.

ಹಿರಿಯೂರಿನ ಲಾರಿ ಸ್ಟ್ಯಾಂಡಿನಲ್ಲಿ ಓಬಕ್ಕನ ಟೀ ಅಂಗಡಿ. ನಲವತ್ತು ವರ್ಷ ಸ್ಟೇರಿಂಗ್ ಹಿಡಿದ ಮುದುಕ ಈಗ ಟೀ ಲೋಟ ಹಿಡಿದು ಬೆಂಚಿನ ಮೇಲೆ ಕೂತಿದ್ದ. ಎದುರಿಗೆ ನಾಲ್ಕೈದು ಡ್ರೈವರುಗಳು; ಕತೆ ನಡೆದ ಕಾಲಕ್ಕೆ ಎಲ್ಲರೂ ಚಡ್ಡಿಯಲ್ಲಿದ್ದವರು.

"ಆ ಶೋರೂಮನ್ನ ರಸ್ತೆ ಅಗಲ ಮಾಡುವಾಗ ಕೆಡವಿದ್ರು. ನನ್ನ ಲಾರಿ ಗುಜರಿಗೆ ಹೋಯ್ತು. ಮ್ಯಾನೇಜರ್ ಶ್ರೀಕಂಠಮೂರ್ತಿ ದೇವರ ಪಾದ ಸೇರಿದ. ಸುಳ್ಳು ಅನ್ನೋರು ಯಾರಾದ್ರೂ ಇದ್ರೆ ಕೈ ಎತ್ರಪ್ಪ."

ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಅವನ ಮೊಬೈಲ್ ಕುಂಯ್ ಎಂದಿತು. ಪಾಲಯ್ಯ ಅದನ್ನು ಓಬಕ್ಕನ ಕಡೆ ಚಾಚಿದ. "ಏನು ಬಂದಿದೆ ನೋಡವ್ವ."

"ಗ್ಯಾಸ್ ಸಿಲಿಂಡರ್ ನಾಳೆ ಬರುತ್ತಂತೆ," ಎಂದು ಓಬಕ್ಕ ಓದಿ ವಾಪಸ್ ಕೊಟ್ಟಳು. ಕತೆ ಮುಂದುವರಿಯಿತು.

ಪಾಲಯ್ಯನ ಹೊಸ ಲಾರಿಗೆ ಇನ್ನೂ ವರ್ಷ ತುಂಬಿರಲಿಲ್ಲ, ಹಿಂದಿನ ಎರಡೂ ದೀಪದೊಳಗೆ ನೀರು. ಮೊದಲು ಗಾಜಿಗೆ ಮಂಜು ಕೂತಿತು, ಆಮೇಲೆ ಹನಿ ಕಟ್ಟಿತು, ಆಮೇಲೆ ಲೋಟಗಟ್ಟಲೆ ನಿಂತಿತು. ಪಾಲಯ್ಯನ ಪ್ರಕಾರ ಎಡಗಡೆ ದೀಪದಲ್ಲಿ ಒಂದು ಮೀನೂ ಓಡಾಡುತ್ತಿತ್ತು. ಬ್ರೇಕ್ ಒತ್ತಿದರೆ ಕೆಂಪು ಬೆಳಕೆಲ್ಲಿ ಬರಬೇಕು? ನೀರು ಹೆಚ್ಚಾದ ಶರಬತ್ತಿನ ಬಣ್ಣ. ಒಂದು ಬೆಳಗ್ಗೆ ಮಂಜಿನಲ್ಲಿ ಹಿಂದೆ ಬರುತ್ತಿದ್ದ ಬಸ್ಸಿಗೆ ಲಾರಿ ಕಾಣಲೇ ಇಲ್ಲ. ಬಸ್ಸು ಕಿರುಚಿಕೊಂಡು ಬಂದು ಗೇಣು ದೂರದಲ್ಲಿ ನಿಂತಿತು. ಮುಂದಿನ ಸಲ ಆ ಗೇಣೂ ಇರುವುದಿಲ್ಲ ಎಂದು ಪಾಲಯ್ಯನಿಗೆ ಗೊತ್ತಾಯಿತು. ವಾರಂಟಿ ಮುಗಿಯಲು ಎರಡೇ ದಿನ ಬಾಕಿ.

ಶೋರೂಮಿಗೆ ಹೋದ. ಮ್ಯಾನೇಜರ್ ಶ್ರೀಕಂಠಮೂರ್ತಿಗೆ ಟೈ ಇತ್ತು, ಏಸಿ ಇತ್ತು, ಗಿರಗಿರ ತಿರುಗುವ ಕುರ್ಚಿ ಇತ್ತು. ಎದ್ದು ಹೊರಗೆ ಬಂದು ದೀಪ ನೋಡುವಷ್ಟು ಸೊಂಟ ಮಾತ್ರ ಇರಲಿಲ್ಲ.

"ಅದು ನೀರಲ್ಲ ಪಾಲಯ್ಯ. ತೇವಾಂಶ."

"ಲಾರಿ ಕುಲುಕಿದ್ರೆ ಗುಳುಗುಳು ಅಂತದೆ ಸಾರ್."

"ತೇವಾಂಶವೂ ಗುಳುಗುಳು ಅನ್ನುತ್ತೆ. ಅದು ಸಹಜ. ಸಹಜವಾದದ್ದಕ್ಕೆ ವಾರಂಟಿ ಇಲ್ಲ."

"ಒಳಗೆ ಮೀನಿದೆ ಸಾರ್."

"ಮೀನೂ ಸಹಜ," ಎಂದು ಮ್ಯಾನೇಜರ್ ಕುರ್ಚಿಯನ್ನು ಆ ಕಡೆ ತಿರುಗಿಸಿದ.

ಪಾಲಯ್ಯ ಜಗಳಕ್ಕೆ ನಿಲ್ಲಲಿಲ್ಲ. ಕೈ ಮುಗಿದ. "ತಿಳಿದೋರು ನೀವು. ಈ ಮಾತನ್ನೇ ಒಂದು ಹಾಳೆ ಮೇಲೆ ಬರೆದು ಸೀಲು ಒತ್ತಿಕೊಡಿ. ದಾರಿಯಲ್ಲಿ ಪೊಲೀಸರು ಹಿಡಿದ್ರೆ ತೋರಿಸ್ತೀನಿ. ತೇವಾಂಶ ಗೀವಾಂಶ ಅಂದ್ರೆ ಅವರಿಗೆ ತಿಳಿಯಲ್ಲ, ನೀರು ಅಂತಲೇ ಬರೀರಿ."

ಪೀಡೆ ತೊಲಗಿದರೆ ಸಾಕೆಂದು ಮ್ಯಾನೇಜರ್ ಬರೆದ: 'ನಮ್ಮ ಲಾರಿಗಳ ಹಿಂದಿನ ದೀಪದಲ್ಲಿ ನೀರು ಬರುವುದು ಸಹಜ.' ಕೆಳಗೆ ಸಹಿ, ಸೀಲು.

ಮಾರನೇ ದಿನ ಶೋರೂಮಿನಲ್ಲಿ ಸಡಗರ. ಸಿಮೆಂಟ್ ವ್ಯಾಪಾರಿ ರುದ್ರಗೌಡರು ಒಟ್ಟಿಗೆ ಎಂಟು ಲಾರಿ ಕೊಳ್ಳಲು ಮನೆಮಂದಿಯೊಂದಿಗೆ ಬಂದಿದ್ದರು. ಮ್ಯಾನೇಜರ್ ಬೆಳ್ಳಿತಟ್ಟೆಯಲ್ಲಿ ಎಂಟು ಕೀಲಿ ಇಟ್ಟುಕೊಂಡು ಹಲ್ಲು ಬಿಡುತ್ತಿದ್ದ. ಅಷ್ಟರಲ್ಲಿ ಪಾಲಯ್ಯನ ಲಾರಿ ರಿವರ್ಸಿನಲ್ಲಿ ಬಂದು, ಎಲ್ಲರಿಗೂ ಹಿಂಭಾಗ ಕಾಣುವ ಹಾಗೆ ನಿಂತಿತು.

ಪಾಲಯ್ಯ ಇಳಿದ. ಮಡಿ ಪಂಚೆ, ಹಣೆ ತುಂಬ ವಿಭೂತಿ. ದೀಪಕ್ಕೆ ಅರಿಶಿನ ಕುಂಕುಮ ಹಚ್ಚಿದ, ಹೂ ಮುಡಿಸಿದ, ಹಸಿರು ಬಳೆ ರವಿಕೆ ಕಣ ಇಟ್ಟ, ಊದಿನಕಡ್ಡಿ ಬೆಳಗಿದ.

"ಏನಯ್ಯ, ಲಾರಿ ಪೂಜೆ ಮುಂದಿನಿಂದ ಅಲ್ವ ಮಾಡೋದು?" ಎಂದರು ರುದ್ರಗೌಡರು.

"ಇದು ಲಾರಿ ಪೂಜೆ ಅಲ್ಲ ಗೌಡ್ರೆ, ಗಂಗೆ ಪೂಜೆ. ನಮ್ಮೂರಲ್ಲಿ ಆರುನೂರು ಅಡಿ ಬೋರ್ ಕೊರೆಸಿದ್ರೂ ಬರದ ಗಂಗವ್ವ ಈ ದೀಪದಾಗೆ ತಾನಾಗೇ ಬಂದವ್ಳೆ. ಮ್ಯಾನೇಜರ್ ಸಾಹೇಬ್ರು ಬರೆದೇ ಕೊಟ್ಟವ್ರೆ." ಪಾಲಯ್ಯ ಜೇಬಿನಿಂದ ಹಾಳೆ ತೆಗೆದ, ಗಂಟಲು ಸರಿಮಾಡಿಕೊಂಡ, ಒಂದಕ್ಷರ ಬಿಡದೆ ಎಲ್ಲರಿಗೂ ಕೇಳುವಂತೆ ಓದಿದ. "ನೀವು ಪುಣ್ಯವಂತರು. ಎಂಟು ಲಾರಿ, ಹದಿನಾರು ದೀಪ. ಒಂದೇ ದಿನಕ್ಕೆ ಹದಿನಾರು ಬಾವಿ!"

ಗೌಡರು ಬಗ್ಗಿ ದೀಪ ನೋಡಿದರು. ನೆಟ್ಟಗಾಗಿ ಮ್ಯಾನೇಜರನ ಮುಖ ನೋಡಿದರು. ಕೀಲಿ ತಟ್ಟೆಯನ್ನು ಒಂದೇ ಬೆರಳಲ್ಲಿ ಹಿಂದಕ್ಕೆ ತಳ್ಳಿದರು.

ಸೊಂಟವಿಲ್ಲದ ಮ್ಯಾನೇಜರ್ ಓಡಿ ಬಂದ. "ಪಾಲಯ್ಯನವರೇ, ಎರಡೂ ದೀಪ ಈಗಲೇ ಹೊಸದು ಹಾಕಿಸ್ತೀನಿ, ವಾರಂಟಿಯಲ್ಲೇ! ಪೂಜೆ ನಿಲ್ಲಿಸಿ."

"ಬೇಡ ಸಾರ್. ಸಹಜವಾದದ್ದಕ್ಕೆ ವಾರಂಟಿ ಇಲ್ಲ."

"ಇದೆ, ಇದೆ! ನಿಮ್ಮ ಕಾಲಿಗೆ ಬೀಳ್ತೀನಿ."

ಗಂಟೆಯೊಳಗೆ ಹೊಸ ದೀಪ ಕೂತವು. ಬ್ರೇಕ್ ಒತ್ತಿದರೆ ಎದುರು ಗೋಡೆಯೆಲ್ಲ ಕೆಂಪು. ಗೌಡರ ಹದಿನಾರು ದೀಪವನ್ನೂ ಅವರ ಕಣ್ಣೆದುರೇ ಬಿಚ್ಚಿ ನೋಡಿದರು. ಕಳಚಿದ ಹಳೇ ದೀಪ ಹಿಡಿದುಕೊಂಡು ಮ್ಯಾನೇಜರ್ ಗೊಣಗಿದ, "ಈ ನೀರನ್ನ ಎಲ್ಲಿ ಚೆಲ್ಲಲಿ?"

"ಪೂಜೆ ಮಾಡಿದ ನೀರು, ಚೆಲ್ಲೋದುಂಟೆ? ಅಂಗೈ ಒಡ್ಡಿ ಸಾರ್. ಹೆದರಬೇಡಿ, ನೀರಲ್ಲ, ತೇವಾಂಶ."

ಟೀ ಅಂಗಡಿಯಲ್ಲಿ ನಗು ಭೋರ್ಗರೆಯಿತು. ಒಬ್ಬ ಡ್ರೈವರ್ ಬೆಂಚನ್ನೇ ಗುದ್ದಿದ. ಓಬಕ್ಕ ಮಾತ್ರ ಸೌಟು ಕೈಯಲ್ಲೇ ಹಿಡಿದು ನಿಂತಿದ್ದಳು.

"ಅಜ್ಜ, ಆ ಹಾಳೇನ ನೀನೇ ಓದಿದೆಯಾ?"

"ಮತ್ತೆ? ಗೌಡ್ರ ಮುಂದೆ, ಗಟ್ಟಿಯಾಗಿ."

"ಒಂದಕ್ಷರ ಬಿಡದೆ?"

"ಒಂದಕ್ಷರ ಬಿಡದೆ."

"ಈಗ ಗ್ಯಾಸಿನ ಮೆಸೇಜ್ ಯಾರು ಓದಿದ್ದು?"

ಪಾಲಯ್ಯ ಲೋಟದ ತಳದಲ್ಲಿ ಉಳಿದ ಟೀ ಕುಡಿದ, ಮೀಸೆ ಒರೆಸಿಕೊಂಡ, ಹೆಗಲು ಕುಣಿಸಿದ.

"ಸೀಲಂತೂ ದುಂಡಗಿತ್ತು ಕಣವ್ವ."