ಸೂಜಪ್ಪನ ಗಾಡಿ ಶೆಡ್ಡು

ಈಚಲುಗುಡ್ಡದ ಕುರುಚಲು ಕಾಡಲ್ಲಿ, ಒಂದು ನೀರಿನ ಕುಂಟೆ ಪಕ್ಕ, ಸೂಜಪ್ಪ ಅಂತ ಒಬ್ಬ ಮುಳ್ಳುಹಂದಿ ಇದ್ದ. ಅವನ ಹತ್ರ ಒಂದು ಮರದ ಗಾಡಿ ಇತ್ತು. ಕಾಡಲ್ಲಿ ಗಾಡಿ ಎಲ್ಲಿಂದ ಬಂತು ಅಂತ ಕೇಳಬೇಡಿ. ಮುಳ್ಳುಹಂದಿ ಮಾತಾಡುತ್ತೆ ಅಂದ್ರೆ ಸುಮ್ನೆ ಒಪ್ಕೊಳ್ತೀರಿ, ಗಾಡಿ ಅಂದ್ರೆ ಮಾತ್ರ ಅನುಮಾನಾನಾ?

ಗುಡ್ಡದಲ್ಲಿ ಗೆಡ್ಡೆ ಅಗೆದು, ಗಾಡಿ ತುಂಬ ಕುಂಟೆ ದಂಡೆಗೆ ತಂದು, ಬದಲಿಗೆ ಹಣ್ಣೋ ಕಾಳೋ ತಗೊಳ್ಳೋದು ಅವನ ಕಸುಬು. ಮಳೆಗಾಲ ಹತ್ರ ಬಂದಿತ್ತು. ಮರದ ಚಕ್ರ ನೆನೆದ್ರೆ ಉಬ್ಬಿ ಅಚ್ಚಿಗೆ ಕಚ್ಕೊಳ್ಳುತ್ತೆ. ಗಾಡಿ ನಿಂತ್ರೆ ಮನೆಯಲ್ಲಿ ಊಟಾನೂ ನಿಂತ ಹಾಗೆ.

"ಮಳೆ ಬರೋದ್ರೊಳಗೆ ಒಂದು ಶೆಡ್ ಮಾಡಿಸ್ರೀ" ಅಂತ ಹೆಂಡತಿ ಬಾಣಮ್ಮ ಬೆನ್ನು ಬಿದ್ಲು.

ಶೆಡ್ ಮಾಡಿಸೋದೇನು ದೊಡ್ಡ ವಿಷಯ ಅಲ್ಲ. ಆದ್ರೆ ಸೂಜಪ್ಪನಿಗೆ ಒಂದು ಜಂಬ ಇತ್ತು. "ಹೆದರಿಕೆ ಅಂದ್ರೇನು ಅಂತಾನೇ ನಂಗೆ ಗೊತ್ತಿಲ್ಲ!" ಅಂತ ಊರೆಲ್ಲಾ ಹೇಳ್ಕೊಂಡು ತಿರುಗ್ತಿದ್ದ. ಮುಳ್ಳುಹಂದಿ ಹೆದರಿದ್ರೆ ಮೈಮೇಲಿನ ಮುಳ್ಳೆಲ್ಲಾ ಸೆಟೆದು ನಿಲ್ಲುತ್ತಲ್ಲ, ಸೂಜಪ್ಪನಿಗೆ ಒಣಗಿದ ಎಲೆ ಬಿದ್ರೂ ನಿಲ್ತಿತ್ತು. ಯಾರಾದ್ರೂ ನೋಡಿದ್ರೆ "ಚಳಿ" ಅಂತಿದ್ದ. ಬೇಸಿಗೇಲೂ.

ಮೊದಲು ಹುತ್ತದ ಹತ್ರ ಹೋದ. ಅಲ್ಲಿ ಗೆದ್ದಲುಗಳ ಮೇಸ್ತ್ರಿ ಮಣ್ಣಜ್ಜಿ ಇದ್ಲು.

"ಅಜ್ಜಿ, ನಂಗೊಂದು ಗಾಡಿ ಶೆಡ್ ಬೇಕು."

"ಕಟ್ಟೋಣ ಮಗಾ. ಒಂದು ವರಸೆ ಮಣ್ಣು ಹಾಕ್ತೀವಿ, ಒಣಗೋಕೆ ಬಿಡ್ತೀವಿ. ಒಣಗಿದ್ಮೇಲೆ ಇನ್ನೊಂದು ವರಸೆ. ಅವಸರ ಮಾಡಿದ್ರೆ ಗೋಡೆ ಕುಸಿಯುತ್ತೆ. ನಿನ್ನ ಗಾಡಿ ಯಾತರದ್ದು?"

"ನಂದು ಗಾಡಿ ಅಲ್ಲಜ್ಜಿ, ರಥ!" ಅಂದ ಸೂಜಪ್ಪ. "ನೀವು ಒಣಗಿಸ್ತಾ ಕೂತ್ರೆ ಮಳೆ ಬಂದು ಹೋಗಿರುತ್ತೆ." ಅಜ್ಜಿ ಇನ್ನೇನೋ ಕೇಳೋದ್ರೊಳಗೆ ಎದ್ದೇ ಬಿಟ್ಟ.

ಆಮೇಲೆ ಹೋಗಿದ್ದು ಗೀಜಗ ನಾರಣ್ಣನ ಹತ್ರ. ನಾರಣ್ಣಂದು ರೆಡಿಮೇಡ್ ವ್ಯಾಪಾರ. ಹುಲ್ಲಿನ ಗೋಡೆ ಬೇರೆ, ಸೂರು ಬೇರೆ ನೇಯ್ದು ಈಚಲು ಮರಕ್ಕೆ ನೇತು ಹಾಕಿರ್ತಿದ್ದ. ಗಿರಾಕಿ ಬಂದ್ರೆ ಹೊತ್ಕೊಂಡು ಹೋಗಿ ಜಾಗದಲ್ಲೇ ಹೊಲಿದು ಕೊಡೋದು.

"ಗಾಡಿ ಎಳ್ಕೊಂಡು ನೀವೂ ಒಳಗೆ ಬರಬೇಕಲ್ಲ ಸೂಜಪ್ಪಣ್ಣ?" ಅಂದ ನಾರಣ್ಣ, ಅಳತೆಗೆ ಒಂದು ಬಳ್ಳಿ ಹಿಡ್ಕೊಂಡು. "ಮುಳ್ಳು ಸೆಟೆದಾಗ ಎಷ್ಟು ಅಗಲ ಆಗ್ತೀರಿ?"

"ನನ್ನ ಮುಳ್ಳು ಸೆಟೆಯೋದೇ ಇಲ್ಲ. ನಾನು ಯಾರಿಗೂ ಹೆದರಲ್ಲ."

"ಮಿಂಚುಹುಳ ಮಿಣುಕಿದ್ರೂ ಸೆಟೆಯುತ್ತಲ್ರೀ!" ಅಂದ್ಲು ಜೊತೆಗೆ ಬಂದಿದ್ದ ಬಾಣಮ್ಮ.

"ನೀನು ಸುಮ್ನಿರೇ!" ಸೂಜಪ್ಪ ಮುಳ್ಳೆಲ್ಲಾ ಮೈಗೆ ಒತ್ಕೊಂಡು, ಉಸಿರು ಬಿಗಿ ಹಿಡಿದು ನಿಂತ. "ಇದೇ ನನ್ನ ಅಗಲ. ಅಳತೆ ತಗೋ."

ನಾರಣ್ಣ ಬಾಣಮ್ಮನ ಮುಖ ನೋಡಿದ. ಬಾಣಮ್ಮ ಆಕಾಶ ನೋಡಿದ್ಲು. ಗಿರಾಕಿ ಹೇಳಿದ್ದೇ ಅಳತೆ ಅಂತ ನಾರಣ್ಣ ಬಳ್ಳಿ ಸುತ್ತಿದ.

ಮಾರನೇ ದಿನಾನೇ ಶೆಡ್ ರೆಡಿ. ಸೂಜಪ್ಪ ಗಾಡಿ ಎಳ್ಕೊಂಡು ಒಳಗೆ ಹೋದ. ಕೈಗವಸಿನಲ್ಲಿ ಕೈ ಕೂತ ಹಾಗೆ ಕೂತ. ಪಕ್ಕದ ಪೊದೆಯ ಮೊಲ ನೋಡೋಕೆ ಬಂದು, "ಸೂಪರ್ ಅಣ್ಣಾ!" ಅಂತು.

"ಮತ್ತೆ? ಸೂಜಪ್ಪ ಅಂದ್ರೆ ಏನಂದ್ಕೊಂಡೆ?"

ಅಷ್ಟರಲ್ಲಿ ಗುಡುಗು. ಗುಡ್ಡಾನೇ ಉರುಳಿ ಬಂದ ಹಾಗೆ.

ಭರ್ರ್!

ಸೂಜಪ್ಪನ ಅಷ್ಟೂ ಮುಳ್ಳು ಎದ್ದು ನಿಂತ್ವು. ಎಡಗಡೆ ಮುಳ್ಳು ಎಡಗೋಡೆ ಹೊಕ್ಕವು, ಬಲಗಡೆವು ಬಲಗೋಡೆ, ಬೆನ್ನಿನವು ಸೂರು. ಹೆದರಿ ಹೊರಗೆ ಓಡಿದ, ಜೊತೆಗೆ ಶೆಡ್ಡೂ ಓಡಿತು! ಇಡೀ ಶೆಡ್ಡನ್ನೇ ಟೋಪಿ ಥರ ಹಾಕ್ಕೊಂಡು ಸೂಜಪ್ಪ ಕುಂಟೆ ಸುತ್ತ ಓಡ್ತಿದ್ರೆ, ಬಾತುಕೋಳಿಗಳು ನಗು ತಡೀಲಾರದೆ ನೀರಲ್ಲಿ ಮುಳುಗಿದ್ವು. ಹಿಂದೆ ಗಾಡಿ ಬಟಾಬಯಲಲ್ಲಿ ನಿಂತು ಮಳೆಯಲ್ಲಿ ತೊಯ್ತಾ ಇತ್ತು.

ಮಳೆ ನಿಂತ ಮೇಲೆ ಗಾಡಿ ಎಳೆದ್ರೆ, ಒಂದು ಚಕ್ರ ಜಪ್ಪಯ್ಯ ಅಂದ್ರೂ ತಿರುಗಲಿಲ್ಲ. ಇದು ಬರೀ ಮುಂಗಾರಿನ ಮೊದಲ ಹನಿ. ದೊಡ್ಡ ಮಳೆ ಬಂದ್ರೆ ನಾಲ್ಕೂ ಚಕ್ರ ಹೋದ ಹಾಗೆ.

"ಈ ರೆಡಿಮೇಡ್ ಸಹವಾಸಾನೇ ಸಾಕು. ಮಣ್ಣಿಂದೇ ಸರಿ" ಅಂತ ಮುಳ್ಳಿಗೆ ಸಿಕ್ಕಿದ್ದ ಹುಲ್ಲು ಕಿತ್ಕೊಳ್ತಾ ಸೂಜಪ್ಪ ಮತ್ತೆ ಹುತ್ತದ ಹತ್ರ ಬಂದ.

"ಆವತ್ತು ಕೇಳಿದ್ದಕ್ಕೆ ಉತ್ತರಾನೇ ಕೊಡಲಿಲ್ಲ ನೀನು" ಅಂದ್ಲು ಮಣ್ಣಜ್ಜಿ. "ಗಾಡಿ ಯಾತರದ್ದು?"

ಸೂಜಪ್ಪನ ಬಾಯಿ ತುದಿಗೆ ಮತ್ತೆ ರಥ ಬಂತು. ನುಂಗ್ಕೊಂಡ. "ಮರದ್ದು ಅಜ್ಜಿ. ಹಳೇ ಮರ."

ಹುತ್ತದ ಒಳಗಿಂದ ಸಾವಿರ ಬಾಯಿ ಒಟ್ಟಿಗೆ ಚಪ್ಪರಿಸಿದ ಸದ್ದು ಬಂತು.

"ಏಯ್, ಸುಮ್ನಿರ್ರೋ!" ಅಂತ ಅಜ್ಜಿ ಗದರಿದ್ಲು. "ಕೇಳಿಸ್ತಾ ಮಗಾ? ನಮ್ಮ ಗೋಡೆ ಗಟ್ಟಿ. ಆದ್ರೆ ಗೋಡೆ ಮುಗಿಯೋ ಹೊತ್ತಿಗೆ ನಮ್ಮ ಹುಡುಗ್ರು ಗಾಡೀನೇ ಮುಗಿಸಿರ್ತಾರೆ. ಕಲ್ಲಿನ ಗಾಡಿ ಇದ್ದೋರಿಗೆ ನಾವು ಸರಿ. ನಿಂಗೆ ನಾರಣ್ಣನೇ ಸರಿ. ಹೋಗಿ ಸರಿಯಾಗಿ ಅಳತೆ ಕೊಡು."

ಸೂಜಪ್ಪ ಈಚಲು ಮರದ ಕೆಳಗೆ ಹೋಗಿ ನಿಂತ. ಗೀಜಗಗಳೆಲ್ಲಾ ಗೂಡಿಂದ ಇಣುಕಿದ್ವು.

"ನಾರಣ್ಣ," ಅಂದ, ಎಲ್ಲರಿಗೂ ಕೇಳೋ ಹಾಗೆ, "ನಂಗೆ ಗುಡುಗು ಅಂದ್ರೆ ಹೆದರಿಕೆ. ಬಾಣಮ್ಮಾ, ಹಿಂದಿಂದ ಬಂದು ಒಂದು ಸಲ 'ಭೋ' ಅನ್ನು."

"ಭೋ!" ಬಾಣಮ್ಮ ಎಷ್ಟು ಖುಷಿಯಿಂದ ಅಂದ್ಲು ಅಂದ್ರೆ, ಮುಳ್ಳು ಹಿಂದೆಂದೂ ಎದ್ದಿರದಷ್ಟು ಎದ್ವು. ನಾರಣ್ಣ ಬಳ್ಳಿಗೆ ಇನ್ನೊಂದು ಬಳ್ಳಿ ಗಂಟು ಹಾಕಿ ಅಳತೆ ತಗೊಂಡ.

ಹೊಸ ಶೆಡ್ ಅಗಲವಾಗಿ ಬಂತು. ಬಿಸಿಲಿಗೆ ಚಕ್ರಾನೂ ಒಣಗಿ ಸಡಿಲ ಆಯ್ತು. ಹಿಂದೇನೇ ದೊಡ್ಡ ಮಳೆ, ಅದಕ್ಕಿಂತ ದೊಡ್ಡ ಗುಡುಗು. ಮೊಲ ಓಡಿ ಬಂದು ಬಾಗಿಲಲ್ಲಿ ನಿಂತ್ಕೊಂಡು, "ಹೆದರಿದ್ಯಾ ಅಣ್ಣಾ?" ಅಂತು.

"ಹೂಂ ಕಣೋ, ಜೀವ ಬಾಯಿಗೆ ಬಂದಿದೆ. ಒಳಗೆ ಬಾ, ನೆನೀಬೇಡ. ಆ ಮೂಲೇಲಿ ಕೂತ್ಕೋ, ಹತ್ರ ಬಂದ್ರೆ ಚುಚ್ಚುತ್ತೆ."

ಬೆಳಗಾಗ್ತಿದ್ದ ಹಾಗೇ ಗಾಡಿ ಗಡಗಡ ಅಂತ ಗುಡ್ಡ ಹತ್ತಿತು.

ನೀತಿ: ಸೂರು ರೆಡಿಮೇಡ್ ಆಗ್ಲಿ, ಕಟ್ಟಿಸಿದ್ದಾಗ್ಲಿ, ಮೊದಲು ನಮ್ಮ ನಿಜವಾದ ಅಳತೆ ಹೇಳ್ಬೇಕು, ಜಂಬದ ಅಳತೆಗೆ ಮಾಡಿಸಿದ್ದು ಮೊದಲ ಗುಡುಗಿಗೇ ಹರಿಯುತ್ತೆ.